ನಿಶಿಕಸಾಯ್‌ನ ಸುಶಿ ಅಂಗಡಿ, ಮಂಡ್ಯದ ಭತ್ತ

ಸುಶಿ ಅಂದರೆ ಹಸಿ ಮೀನು ಅಂತ ನಮ್ಮ ಕಡೆ ಬಹಳ ಜನ ತಿಳಿದುಕೊಂಡಿದ್ದಾರೆ. ರಜೆಗೆ ಊರಿಗೆ ಬಂದಾಗ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: "ಅಲ್ಲಾ ಕಣ್ರಪ್ಪಾ, ಮೀನ ಬೇಯಿಸ್ದೇನೆ ತಿಂದಾರಂತಲ್ಲಾ, ಆ ಊರಲ್ಲಿ ಸೌದೆ ಇಲ್ವಾ?"

ಸೌದೆ, ಗ್ಯಾಸು ಎಲ್ಲಾ ಇದೆ. ಸುಶಿ ಅನ್ನುವ ಮಾತಿನ ಮೂಲದಲ್ಲಿ ಮೀನೇ ಇಲ್ಲ. ಹುಳಿ ಅನ್ನುವ ಅರ್ಥದ ಹಳೆಯ ಜಪಾನಿ ಮಾತಿನಿಂದ ಬಂದದ್ದು ಅದು. ಈಗ ಅದರ ಅರ್ಥ ಹುಳಿ ಬೆರೆಸಿದ ಅನ್ನ. ಅದರ ಮೇಲೆ ಮೀನು ಇಡಬಹುದು, ಮೊಟ್ಟೆ ಇಡಬಹುದು, ಒಳಗೆ ಸೌತೆಕಾಯಿ ಸುತ್ತಬಹುದು. ಅನ್ನವಿಲ್ಲದೆ ಬರೀ ಹಸಿ ಮೀನು ಕೊಟ್ಟರೆ ಅದಕ್ಕೆ ಸಾಶಿಮಿ ಅಂತ ಬೇರೆ ಹೆಸರಿದೆ. ಹಾಗಾಗಿ ಇದು ಅನ್ನದ ವಿಷಯ, ಭತ್ತ ಬೆಳೆಯುವವರಿಗೆ ಸಂಬಂಧಪಟ್ಟ ವಿಷಯ ಅಂದುಕೊಂಡೇ ಓದಿ.

ನಾವಿಬ್ಬರು ಗಂಡ ಹೆಂಡತಿ. ಒಬ್ಬರದು ಮಂಡ್ಯ ಕಡೆಯ ನಾಲೆ ಬಯಲು, ಭತ್ತ ಕಬ್ಬಿನ ಮನೆ. ಇನ್ನೊಬ್ಬರದು ತಿಪಟೂರು ಕಡೆ, ತೆಂಗಿನ ತೋಟದ ಮನೆ. ಮಂಡ್ಯದವರು ಎಲ್ಲಾ ತಿನ್ನುತ್ತಾರೆ. ತಿಪಟೂರಿನವರು ಮೀನು ಮೊಟ್ಟೆ ಯಾವುದನ್ನೂ ಮುಟ್ಟುವುದಿಲ್ಲ. ಕೆಲಸದ ಮೇಲೆ 2019ರಲ್ಲಿ ಟೋಕಿಯೊಗೆ ಬಂದು ನಿಶಿಕಸಾಯ್‌ನಲ್ಲಿ ಮನೆ ಮಾಡಿದೆವು. ಎಡೊಗಾವಾ ಅನ್ನುವ ವಾರ್ಡಿನಲ್ಲಿ ಬರುವ ಈ ಬಡಾವಣೆಯಲ್ಲಿ ಸಾವಿರಾರು ಭಾರತೀಯರಿದ್ದಾರೆ. ತೊಗರಿಬೇಳೆ, ಅಟ್ಟಾ, ಕರಿಬೇವು ಎಲ್ಲಾ ಸಿಗುತ್ತದೆ. ಇಲ್ಲಿಂದ ಕಂಪನಿಗಳೆಲ್ಲ ಇರುವ ಓತೆಮಾಚಿಗೆ ತೋಜಾಯ್ ಮಾರ್ಗದ ರೈಲಿನಲ್ಲಿ ನೇರ ಹೋಗಬಹುದು. ಭಾರತೀಯರು ಇಲ್ಲೇ ಸೇರಿಕೊಂಡಿದ್ದಕ್ಕೆ ಅದೂ ಒಂದು ಕಾರಣ.

ಮನೆಯಿಂದ ನಾಲ್ಕು ನಿಮಿಷ ನಡೆದರೆ ಒಂದು ಸುಶಿ ಅಂಗಡಿ. ಹಲಗೆಯ ಮುಂದೆ ಎಂಟು ಕುರ್ಚಿ, ಹಿಂದೆ ಎರಡು ಸಣ್ಣ ಮೇಜು, ಅಷ್ಟೇ. ಒಳಗೆ ನಿಂತು ಸುಶಿ ಕಟ್ಟುವವರು ಎಪ್ಪತ್ತು ದಾಟಿದ ಯಜಮಾನರು. ಅವರನ್ನು ಎಲ್ಲರೂ 'ತೈಶೊ' ಅನ್ನುತ್ತಾರೆ. ಟೀ ಕೊಡುವುದು, ಲೆಕ್ಕ ನೋಡುವುದು ಅವರ ಹೆಂಡತಿ. ಅವರು 'ಒಕಾಮಿಸಾನ್'. ಬಾಗಿಲಲ್ಲಿ ನೋರೆನ್ ಅನ್ನುವ ಬಟ್ಟೆಯ ಪರದೆ ಇಳಿಬಿಟ್ಟಿದ್ದರೆ ಅಂಗಡಿ ತೆರೆದಿದೆ ಅಂತ ಲೆಕ್ಕ, ಒಳಗೆ ತೆಗೆದುಕೊಂಡಿದ್ದರೆ ಮುಚ್ಚಿದೆ ಅಂತ. ತೊಯೊಸು ಮೀನು ಮಾರುಕಟ್ಟೆಗೆ ಭಾನುವಾರ ರಜೆ, ಬುಧವಾರವೂ ಬಹಳ ಸಲ ರಜೆ ಇರುತ್ತದೆ. ನಮ್ಮ ತೈಶೊ ಈ ಎರಡೂ ದಿನ ಅಂಗಡಿ ತೆರೆಯುವುದಿಲ್ಲ.

ಈ ಅಂಗಡಿ ಯಾವ ಪತ್ರಿಕೆಯಲ್ಲೂ ಬಂದಿಲ್ಲ, ಯಾವ ಸ್ಟಾರೂ ಸಿಕ್ಕಿಲ್ಲ. 2014ರಲ್ಲಿ ಅಮೆರಿಕದ ಅಧ್ಯಕ್ಷ ಒಬಾಮಾ ಟೋಕಿಯೊದ ಗಿಂಜಾದಲ್ಲಿ ಜಿರೋ ಒನೊ ಅವರ ಅಂಗಡಿಗೆ ಹೋಗಿ ಸುಶಿ ತಿಂದದ್ದು ಜಗತ್ತಿಗೆಲ್ಲ ಸುದ್ದಿಯಾಯಿತು. ಅಂಥ ಕಡೆ ಒಬ್ಬರ ಊಟಕ್ಕೆ ಹತ್ತಾರು ಸಾವಿರ ಯೆನ್. ಇನ್ನೊಂದು ಕಡೆ ತಟ್ಟೆಗಳು ಪಟ್ಟಿಯ ಮೇಲೆ ತಿರುಗುತ್ತಾ ಬರುವ ಅಗ್ಗದ ಅಂಗಡಿಗಳಿವೆ. ಬಿಯರ್ ಕಾರ್ಖಾನೆಯಲ್ಲಿ ಬಾಟಲಿಗಳು ಪಟ್ಟಿಯ ಮೇಲೆ ಹೋಗುವುದನ್ನು ನೋಡಿ ಒಸಾಕಾ ಕಡೆಯ ಒಬ್ಬರು 1958ರಲ್ಲಿ ಶುರು ಮಾಡಿದ್ದು ಅದು. ಈಗ ಅಲ್ಲಿ ಅನ್ನದ ಉಂಡೆಯನ್ನೂ ಯಂತ್ರವೇ ಕಟ್ಟುತ್ತದೆ. ಮಕ್ಕಳಿಗೆ ಖುಷಿಯೋ ಖುಷಿ. ನಮ್ಮ ಅಂಗಡಿ ಇವೆರಡರ ನಡುವಿನದು. ಮಧ್ಯಾಹ್ನದ ಊಟ ನಾವು ಬಂದಾಗ 1,100 ಯೆನ್ ಇತ್ತು, ಈಗ 1,300. ನಮ್ಮ ದುಡ್ಡಲ್ಲಿ 750 ರೂಪಾಯಿ ಹತ್ತಿರ. ಊರಲ್ಲಿ ಕೂತು ಓದುವವರಿಗೆ ದುಬಾರಿ ಅನ್ನಿಸುವುದು ಸಹಜ. ಆದರೆ 2025ರ ಅಕ್ಟೋಬರಿನಿಂದ ಟೋಕಿಯೊದಲ್ಲಿ ಒಂದು ಗಂಟೆಯ ಕನಿಷ್ಠ ಕೂಲಿಯೇ 1,226 ಯೆನ್. ಒಂದು ಗಂಟೆಯ ಕೂಲಿಗೆ ಒಂದು ಊಟ ಅಂದುಕೊಳ್ಳಿ.

ಬೆರಳುದ್ದದ ಅನ್ನದ ಉಂಡೆ, ಅದರ ಮೇಲೊಂದು ಮೀನಿನ ಚೂರು, ನಡುವೆ ಸ್ವಲ್ಪ ವಸಾಬಿ. ಇದಕ್ಕೆ ನಿಗಿರಿ ಅನ್ನುತ್ತಾರೆ. ಇಂಥವು ಏಳು, ಜೊತೆಗೆ ಒಂದು ಸುರುಳಿ, ಒಂದು ಬಟ್ಟಲು ಮಿಸೊ ಸಾರು. ಕೈಯಲ್ಲಿ ತಿಂದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ. ಸುಮಾರು 200 ವರ್ಷದ ಹಿಂದೆ, ಟೋಕಿಯೊಗೆ ಎದೊ ಅನ್ನುವ ಹೆಸರಿದ್ದಾಗ, ನಿಗಿರಿ ಸುಶಿ ಬೀದಿ ಗಾಡಿಯ ತಿಂಡಿಯಾಗಿತ್ತು. ಕೂಲಿ ಕೆಲಸದವರು ನಿಂತುಕೊಂಡೇ ಕೈಯಲ್ಲಿ ತಿಂದು ಹೋಗುತ್ತಿದ್ದರು. ಆಗಿನ ಉಂಡೆ ಈಗಿನದಕ್ಕಿಂತ ಎರಡು ಮೂರು ಪಟ್ಟು ದೊಡ್ಡದಿತ್ತಂತೆ. ಅದಕ್ಕೂ ಹಿಂದಿನ ಸುಶಿ ಇನ್ನೊಂದು ಥರ. ಉಪ್ಪು ಹಾಕಿದ ಮೀನನ್ನು ಅನ್ನದಲ್ಲಿ ಹುದುಗಿಸಿ ತಿಂಗಳುಗಟ್ಟಲೆ ಇಟ್ಟು, ಹುಳಿ ಬಂದ ಮೇಲೆ ಅನ್ನ ಕೆರೆದು ಹಾಕಿ ಮೀನು ತಿನ್ನುತ್ತಿದ್ದರು. ಬಿವಾ ಸರೋವರದ ಕಡೆ ಈಗಲೂ ಹಾಗೆ ಮಾಡುತ್ತಾರೆ. ಅನ್ನ ಬಿಸಾಡುತ್ತಿದ್ದರು ಅಂದ ಕೂಡಲೇ ಮಂಡ್ಯದ ಮನೆಯಲ್ಲಿ "ಅಯ್ಯೋ ಪಾಪ" ಅಂದರು.

ಸುಶಿಯ ಅನ್ನಕ್ಕೆ ಅಂಗಡಿಯವರ ಮಾತಲ್ಲಿ 'ಶಾರಿ' ಅನ್ನುತ್ತಾರೆ. ಬುದ್ಧನ ಅಸ್ಥಿಯ ಕಣಗಳಿಗೆ ಸಂಸ್ಕೃತದಲ್ಲಿ 'ಶರೀರ' ಅನ್ನುವ ಮಾತಿದೆಯಲ್ಲ, ಅದೇ ಮಾತು ಚೀನಾ ದಾಟಿ ಇಲ್ಲಿಗೆ ಬಂದು ಶಾರಿ ಆಯಿತು, ಅಕ್ಕಿಕಾಳು ಆ ಕಣಗಳ ಹಾಗೆ ಬೆಳ್ಳಗೆ ಕಾಣುತ್ತದೆ ಅಂತ ಹಾಗೆ ಕರೆದರು ಅಂತ ಹೇಳುತ್ತಾರೆ. ನಮ್ಮ ಬಾಯಲ್ಲಿ ದಿನಾ ಓಡಾಡುವ ಮಾತೊಂದು ಇಷ್ಟು ದೂರ ಬಂದು ಅನ್ನದ ಹೆಸರಾಗಿ ಕೂತಿದೆ.

ತೈಶೊ ಅನ್ನ ಮಾಡುವುದನ್ನು ಒಂದು ಬೆಳಿಗ್ಗೆ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡಿದೆವು. ಮಾಮೂಲಿಗಿಂತ ಸ್ವಲ್ಪ ಕಡಿಮೆ ನೀರಿಟ್ಟು ಅನ್ನ ಮಾಡುತ್ತಾರೆ. ಬಿಸಿ ಇರುವಾಗಲೇ ಅಗಲವಾದ ಮರದ ತಟ್ಟೆಗೆ ಸುರಿದು, ಅಕ್ಕಿಯಿಂದಲೇ ಮಾಡಿದ ವಿನೆಗರ್, ಉಪ್ಪು, ಸಕ್ಕರೆ ಕರಗಿಸಿದ ನೀರನ್ನು ಚಿಮುಕಿಸಿ, ಮರದ ಕೈಯಿಂದ ಕೊಯ್ದ ಹಾಗೆ ಕಲಸುತ್ತಾರೆ. ಅಗುಳು ಮುರಿಯಬಾರದು, ಮುದ್ದೆಯಾಗಬಾರದು. ಪಕ್ಕದಲ್ಲಿ ನಿಂತ ಒಕಾಮಿಸಾನ್ ಬೀಸಣಿಗೆಯಿಂದ ಗಾಳಿ ಹಾಕುತ್ತಿರುತ್ತಾರೆ. ಕಟ್ಟುವ ಹೊತ್ತಿಗೆ ಅನ್ನ ಮೈಯಷ್ಟೇ ಬೆಚ್ಚಗಿರಬೇಕು. ನಮ್ಮ ಮನೆಗಳಲ್ಲಿ ಚಿತ್ರಾನ್ನಕ್ಕೆ ಅನ್ನ ಹರವಿ ಆರಿಸುವುದನ್ನು ನೆನೆದುಕೊಳ್ಳಿ. ಹೆಚ್ಚುಕಡಿಮೆ ಅದೇ ಕೈಕೆಲಸ.

ಅವತ್ತು ನಮಗೆ ಆಶ್ಚರ್ಯ ಆಗಿದ್ದು ಅಕ್ಕಿಯ ಚೀಲ ನೋಡಿ. ಜಪಾನಿನಲ್ಲಿ ಹೊಸ ಅಕ್ಕಿಗೆ ಬಹಳ ಬೆಲೆ. ಶರತ್ಕಾಲದಲ್ಲಿ ಕೊಯ್ಲು ಮುಗಿದ ಕೂಡಲೇ 'ಹೊಸ ಅಕ್ಕಿ' ಅಂತ ಚೀಟಿ ಅಂಟಿಸಿ ಮಾರುತ್ತಾರೆ, ಜನ ಮುಗಿಬಿದ್ದು ಕೊಳ್ಳುತ್ತಾರೆ. ತೈಶೊ ಚೀಲದಲ್ಲಿದ್ದದ್ದು ಹಿಂದಿನ ವರ್ಷದ ಅಕ್ಕಿ. ಯಾಕೆ ಅಂತ ಕೇಳಿದ್ದಕ್ಕೆ ಹೊಸ ಅಕ್ಕಿಯಲ್ಲಿ ನೀರಿನ ಅಂಶ ಜಾಸ್ತಿ, ಅನ್ನ ಅಂಟುತ್ತದೆ, ಹುಳಿ ಒಳಗೆ ಇಳಿಯುವುದಿಲ್ಲ ಅಂದರು. ಸುಶಿ ಮಾಡುವವರು ಬಹಳ ಜನ ಹಳೆ ಅಕ್ಕಿಯನ್ನೋ, ಹೊಸದು ಹಳೆಯದು ಬೆರೆಸಿಯೋ ಬಳಸುತ್ತಾರಂತೆ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮಂಡ್ಯದ ಮನೆಯಲ್ಲಿ ಅವ್ವ ಹೊಸ ಭತ್ತವನ್ನು ಹಬ್ಬದ ಪೊಂಗಲಿಗೆ ಬಿಟ್ಟರೆ ಬೇರೆ ಯಾವುದಕ್ಕೂ ಮುಟ್ಟಿಸುವುದಿಲ್ಲ. "ಹೊಸಕ್ಕಿ ಅನ್ನ ಉಂಡ್ರೆ ಹೊಟ್ಟೆ ಕಲ್ಲು" ಅನ್ನುತ್ತಾಳೆ. ವರ್ಷ ತುಂಬಿದ ಅಕ್ಕಿಯ ಅನ್ನವೇ ಅವಳಿಗೆ ಅನ್ನ. ಇದನ್ನು ಮುರುಕು ಜಪಾನಿಯಲ್ಲಿ ಹೇಳಿದಾಗ ತೈಶೊ ಚಪ್ಪಾಳೆ ತಟ್ಟಿ, "ನಿಮ್ಮ ಅವ್ವನನ್ನು ಕೆಲಸಕ್ಕೆ ಕಳಿಸಿ" ಅಂದರು.

ಇನ್ನು ನಂಬಿಕೆಯ ಮಾತು. ಹಸಿ ಮೀನು ತಿನ್ನುವುದು ಅಂದರೆ ಕಟ್ಟಿಕೊಡುವ ಕೈಯನ್ನು ಪೂರಾ ನಂಬುವುದು. ಮೀನಿನಲ್ಲಿ ಅನಿಸಾಕಿಸ್ ಅನ್ನುವ ಸಣ್ಣ ಹುಳು ಇರಬಹುದು. ಬಂಗುಡೆ ಜಾತಿಯ ಮೀನು, ಸ್ಕ್ವಿಡ್ ಇಂಥವುಗಳಲ್ಲಿ ಜಾಸ್ತಿ. ವಿನೆಗರ್, ಉಪ್ಪು, ವಸಾಬಿಗೆಲ್ಲ ಅದು ಸಾಯುವುದಿಲ್ಲ. ಬೇಯಿಸಬೇಕು, ಇಲ್ಲವೇ ಸೊನ್ನೆಗಿಂತ 20 ಡಿಗ್ರಿ ಕೆಳಗೆ 24 ಗಂಟೆಗಿಂತ ಹೆಚ್ಚು ಹೊತ್ತು ಹೆಪ್ಪುಗಟ್ಟಿಸಿಡಬೇಕು. ತೈಶೊ ಬಂಗುಡೆ ಜಾತಿಯದನ್ನು ಹಾಗೆ ಇಟ್ಟ ಮೇಲೇ ಕೊಡುತ್ತಾರೆ. ಒಂದು ದಿನ ಅದು ಪಟ್ಟಿಯಲ್ಲಿತ್ತು, ಕೇಳಿದರೆ ಇವತ್ತು ಇಲ್ಲ ಅಂದರು. ಮೀನು ಗಾಜಿನ ಪೆಟ್ಟಿಗೆಯಲ್ಲಿ ಕಣ್ಣೆದುರೇ ಇತ್ತು. "ಹೊತ್ತು ಸಾಲದು, ನಾಳೆ ಬನ್ನಿ" ಅಂದರು. (ಇದನ್ನು ಓದಿ ಯಾರೂ ನಮ್ಮ ಕೆರೆ ಮೀನು, ಹೊಳೆ ಮೀನನ್ನು ಹಸಿ ತಿನ್ನಲು ಹೋಗಬೇಡಿ. ಸಿಹಿನೀರಿನ ಮೀನಿನ ಹುಳುಗಳು ಬೇರೆ, ಅಪಾಯ ದೊಡ್ಡದು. ಇಲ್ಲಿನ ಸುಶಿಗೂ ಸಾಮಾನ್ಯವಾಗಿ ಸಮುದ್ರದ ಮೀನೇ.)

ಇದು ಮಂಡ್ಯದವರ ನಂಬಿಕೆ. ತಿಪಟೂರಿನವರದು ಇದಕ್ಕಿಂತ ನಾಜೂಕು. ಹುಳು ಹೊಟ್ಟೆಗೆ ಹೋದರೆ ನೋವು ಬಂದು ತಿಳಿಸುತ್ತದೆ. ಮೀನಿನ ರಸ ಹೊಟ್ಟೆಗೆ ಹೋದರೆ ತಿಳಿಯುವುದೇ ಇಲ್ಲ. ಜಪಾನಿನ ಅಡುಗೆಯಲ್ಲಿ ಕಣ್ಣಿಗೆ ಕಾಣದ ಮೀನು ಎಲ್ಲೆಲ್ಲೂ ಇದೆ. ಒಣಗಿಸಿದ ಬೊನಿಟೊ ಮೀನನ್ನು ತುರಿದು ಕುದಿಸಿ ತೆಗೆದ ನೀರನ್ನು ಸಾರಿಗೆ, ಪಲ್ಯಕ್ಕೆ, ಹುರಿದ ತೋಫುವಿಗೆ ಎಲ್ಲದಕ್ಕೂ ಹಾಕುತ್ತಾರೆ. 'ಮೀನು ಇದೆಯಾ' ಅಂತ ಕೇಳಿದರೆ 'ಇಲ್ಲ' ಅನ್ನುತ್ತಾರೆ. ಅವರದು ಸುಳ್ಳಲ್ಲ, ಅವರ ಲೆಕ್ಕದಲ್ಲಿ ಅದು ನೀರು. ಹಾಗಾಗಿ ತಿಪಟೂರಿನವರು ಮೊದಲ ವರ್ಷವೆಲ್ಲ ಸೌತೆಕಾಯಿ ಸುರುಳಿ, ಮೂಲಂಗಿ ಉಪ್ಪಿನಕಾಯಿ ಸುರುಳಿ ಇಷ್ಟರಲ್ಲೇ ಕಾಲ ಹಾಕಿದರು.

ಸುಶಿಯಲ್ಲಿ ಸೋರೆಕಾಯಿಯೂ ಇದೆ ಅಂದರೆ ನಂಬುತ್ತೀರಾ? ಸೋರೆಕಾಯಿಯನ್ನು ಉದ್ದುದ್ದ ರಿಬ್ಬನ್ನಿನ ಹಾಗೆ ಹೆರೆದು, ಬಿಸಿಲಲ್ಲಿ ಒಣಗಿಸಿ ಇಟ್ಟುಕೊಳ್ಳುತ್ತಾರೆ. ಹೆಸರು ಕಾನ್‌ಪ್ಯೊ. ಟೋಕಿಯೊದ ಉತ್ತರಕ್ಕಿರುವ ತೊಚಿಗಿ ಪ್ರಾಂತ್ಯದಲ್ಲೇ ಬಹುಪಾಲು ಆಗುತ್ತದೆ. ನಮ್ಮ ಹೆಂಗಸರು ಮಾಳಿಗೆ ಮೇಲೆ ಸಂಡಿಗೆ, ಬಾಳಕ ಒಣಗಿಸುವ ಹಾಗೆ. ಬೇಕಾದಾಗ ನೆನೆಸಿ, ಸೋಯಾ ಸಾಸು ಸಕ್ಕರೆಯಲ್ಲಿ ಕುದಿಸಿ ಅನ್ನದೊಳಗೆ ಸುತ್ತುತ್ತಾರೆ. ಆದರೆ ಕುದಿಸುವ ನೀರು ಮತ್ತೆ ಆ ಮೀನಿನ ನೀರೇ.

ತೈಶೊ ಒಂದು ದಿನ ಚೀಟಿಯಲ್ಲಿ ಮೀನಿನ ಚಿತ್ರ ಬರೆದು ಅಡ್ಡಗೆರೆ ಎಳೆದು, ಮೊಟ್ಟೆ ಬರೆದು ಅಡ್ಡಗೆರೆ ಎಳೆದು, "ಹೀಗಾ?" ಅಂತ ಕೇಳಿದರು. ಹೌದು ಅಂದೆವು. ಮುಂದಿನ ವಾರ ಹೋದಾಗ ಕೊಂಬು ಅನ್ನುವ ಸಮುದ್ರದ ಪಾಚಿ, ಒಣ ಅಣಬೆ ಇಷ್ಟರಿಂದ ತೆಗೆದ ನೀರಿನಲ್ಲಿ ಬೇರೆಯಾಗಿ ಬೇಯಿಸಿದ ಸೋರೆಕಾಯಿ ಒಂದು ಡಬ್ಬಿಯಲ್ಲಿತ್ತು. ಆಮೇಲೆ ಅದೇ ನೀರಿನ ಅಣಬೆ ನಿಗಿರಿ, ಬದನೆ ನಿಗಿರಿ ಬಂದವು. ಇವುಗಳನ್ನು ಕಟ್ಟುವ ಮೊದಲು ಹಲಗೆ ತೊಳೆಯುತ್ತಾರೆ, ಚಾಕು ಬದಲಿಸುತ್ತಾರೆ, ಕೈ ತೊಳೆಯುತ್ತಾರೆ. ಅದಕ್ಕೆ ಹೆಚ್ಚಿನ ದುಡ್ಡು ಒಂದು ಯೆನ್ ಕೂಡ ಇಲ್ಲ. ಇಲ್ಲಿ ಟಿಪ್ಸ್ ಕೊಡುವ ಪದ್ಧತಿಯೂ ಇಲ್ಲ, ಕೊಟ್ಟರೆ ಹಿಂದೆ ಓಡಿಬಂದು ವಾಪಸ್ ಕೊಡುತ್ತಾರೆ.

ಒಂದು ಸಂಜೆ ಅಂಗಡಿ ತುಂಬ ಜನ. ಸಹಾಯಕ್ಕೆ ಬರುವ ಕಾಲೇಜು ಹುಡುಗ ಸೋರೆಕಾಯಿ ಸುರುಳಿಯ ತಟ್ಟೆ ತಂದು ಮುಂದಿಟ್ಟ. ತಿಪಟೂರಿನವರ ಕೈ ತಟ್ಟೆಗೆ ಹೋಗುವಷ್ಟರಲ್ಲಿ ತೈಶೊ ಹಲಗೆಯ ಆಚೆಯಿಂದ ಬಗ್ಗಿ ತಟ್ಟೆ ಎಳೆದುಕೊಂಡರು. ಕೊಂಬು ನೀರಿನದು ಖಾಲಿಯಾಗಿ, ಹುಡುಗ ಗೊತ್ತಾಗದೆ ಮಾಮೂಲಿ ಡಬ್ಬಿಯಿಂದ ಸುತ್ತಿಬಿಟ್ಟಿದ್ದ. ಬಣ್ಣ ಒಂದೇ, ವಾಸನೆ ಒಂದೇ, ನಮಗೆ ಜನ್ಮದಲ್ಲಿ ಗೊತ್ತಾಗುತ್ತಿರಲಿಲ್ಲ. ತೈಶೊ ತಲೆಬಗ್ಗಿಸಿ ಕ್ಷಮೆ ಕೇಳಿ ಸೌತೆಕಾಯಿ ಸುರುಳಿ ಕಟ್ಟಿಕೊಟ್ಟರು. ಹುಡುಗನಿಗೆ ನಮ್ಮೆದುರು ಒಂದು ಮಾತೂ ಅನ್ನಲಿಲ್ಲ. ಅವತ್ತಿನಿಂದ ತಿಪಟೂರಿನವರು ಇಡೀ ಟೋಕಿಯೊದಲ್ಲಿ ಏನೂ ಕೇಳದೆ ಊಟಕ್ಕೆ ಕೂರುವ ಜಾಗ ಮನೆ ಬಿಟ್ಟರೆ ಅದೊಂದೇ.

ಈಗ ಅಕ್ಕಿಯ ಕಥೆಗೆ ಬರೋಣ. 2023ರ ಬೇಸಿಗೆ ವಿಪರೀತ ಬಿಸಿಲಾಗಿ ಇಲ್ಲಿನ ಬೆಳೆಯ ಗುಣಮಟ್ಟ ಕೆಟ್ಟಿತು. 2024ರ ಆಗಸ್ಟ್‌ನಲ್ಲಿ ದೊಡ್ಡ ಭೂಕಂಪ ಬರಬಹುದು ಅಂತ ಸರ್ಕಾರ ಎಚ್ಚರಿಕೆ ಕೊಟ್ಟಾಗ ಜನ ಹೆದರಿ ಅಕ್ಕಿ ಕೂಡಿಡಲು ಹೊರಟು, ಅಂಗಡಿಗಳಲ್ಲಿ ಅಕ್ಕಿಯ ಕಪಾಟು ಬರಿದಾಯಿತು. ಜಪಾನಿನಲ್ಲಿ ಅಕ್ಕಿ ಇಲ್ಲ! ಫೋಟೊ ತೆಗೆದು ಊರಿಗೆ ಕಳಿಸಿದರೆ ಯಾರೂ ನಂಬಲಿಲ್ಲ. 2024ರ ವಸಂತದಲ್ಲಿ ಸುಮಾರು 2,100 ಯೆನ್ ಇದ್ದ 5 ಕಿಲೋ ಅಕ್ಕಿ 2025ರ ವಸಂತಕ್ಕೆ 4,200 ದಾಟಿತು. ಇದಕ್ಕೆ ಹಳೆಯ ಬೇರೊಂದು ಇದೆ. ಅಕ್ಕಿ ಹೆಚ್ಚಾಗಿ ಬೆಲೆ ಬೀಳಬಾರದು ಅಂತ ಸರ್ಕಾರವೇ 1970ರ ಸುಮಾರಿನಿಂದ 2018ರವರೆಗೆ ರೈತರಿಗೆ ಭತ್ತ ಕಡಿಮೆ ಹಾಕಿ ಅಂತ ಹೇಳುತ್ತಾ, ಅದಕ್ಕೆ ದುಡ್ಡು ಕೊಡುತ್ತಾ ಬಂದಿತ್ತು. ಮಕ್ಕಳು ಪಟ್ಟಣ ಸೇರಿದರು. 2024ರಲ್ಲಿ ಇಲ್ಲಿನ ರೈತರ ಸರಾಸರಿ ವಯಸ್ಸು 69ರ ಆಸುಪಾಸು ಇತ್ತು.

ಇಂಥ ಹೊತ್ತಿನಲ್ಲಿ, 2025ರ ಮೇನಲ್ಲಿ, ಕೃಷಿ ಮಂತ್ರಿ ತಾಕು ಎತೊ ತಾವು ಯಾವತ್ತೂ ಅಕ್ಕಿ ಕೊಂಡವರೇ ಅಲ್ಲ, ಬೆಂಬಲಿಗರೇ ಬೇಕಾದಷ್ಟು ಕೊಡುತ್ತಾರೆ ಅಂತ ಭಾಷಣದಲ್ಲಿ ಹೇಳಿ ಕುರ್ಚಿ ಕಳೆದುಕೊಂಡರು. ಅವರ ಜಾಗಕ್ಕೆ ಬಂದ ಶಿಂಜಿರೊ ಕೊಯಿಜುಮಿ ಸರ್ಕಾರದ ಗೋದಾಮಿನ ಹಳೆ ಅಕ್ಕಿಯನ್ನು 5 ಕಿಲೋಗೆ 2,000 ಯೆನ್ ಆಸುಪಾಸಿನಲ್ಲಿ ಸಿಗುವಂತೆ ಬಿಡಿಸಿದರು. ಜನ ಬೆಳಿಗ್ಗೆಯಿಂದ ಸಾಲು ನಿಂತರು. 'ಹಳೆ ಅಕ್ಕಿ, ಹೇಗಿರುತ್ತೋ' ಅಂತ ಟೀವಿಯಲ್ಲೆಲ್ಲ ಚರ್ಚೆ. ನಮಗೆ ನಗು.

ತೈಶೊ ಆ ವರ್ಷ ಮಾಡಿದ್ದು ಇಷ್ಟು. ಉಂಡೆ ಸಣ್ಣದು ಮಾಡಲಿಲ್ಲ, ಅಕ್ಕಿ ಬದಲಿಸಲಿಲ್ಲ. ಮೊದಲ ಕೆಲವು ತಿಂಗಳು ನಷ್ಟ ತಾವೇ ನುಂಗಿಕೊಂಡರು. ಕೊನೆಗೆ ಗೋಡೆಯ ಮೇಲೆ ಕುಂಚದಲ್ಲಿ ಬರೆದ ಒಂದು ಕಾಗದ ಅಂಟಿಸಿದರು: ಅಕ್ಕಿಯ ಬೆಲೆಯಿಂದಾಗಿ ಮುಂದಿನ ತಿಂಗಳಿನಿಂದ ಊಟಕ್ಕೆ 100 ಯೆನ್ ಹೆಚ್ಚು, ದಯವಿಟ್ಟು ಮನ್ನಿಸಿ. ಅದನ್ನು ಓದಿ ಪಕ್ಕದ ಕುರ್ಚಿಯ ಹಿರಿಯರೊಬ್ಬರು, "ಇನ್ನೂ ಮೊದಲೇ ಏರಿಸಬೇಕಿತ್ತು" ಅಂತ ಬೈದರು. ತೈಶೊ ಏನೂ ಹೇಳದೆ ಅವರಿಗೆ ಟೀ ತುಂಬಿಸಿದರು.

ಅದೇ ವರ್ಷದ ಕೊನೆಗೆ ಊರಲ್ಲಿ ಭತ್ತದ ಕೊಯ್ಲು. ಅಪ್ಪ ವಾಟ್ಸಾಪಿನಲ್ಲಿ ಕಣದ ಫೋಟೊ ಕಳಿಸಿದ್ದರು. ಅದನ್ನು ತೈಶೊಗೆ ತೋರಿಸಿದೆವು. ಅವರು ಕೈ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು, ಫೋಟೊ ದೊಡ್ಡದು ಮಾಡಿ ಕಾಳು ನೋಡಿದರು. ಉದ್ದ ಕಾಳು, ಒಳ್ಳೇ ಬಿಸಿಲು ಬಿದ್ದಿದೆ ಅಂದರು. ಆಮೇಲೆ ಕೇಳಿದರು, ಇದಕ್ಕೆ ಎಷ್ಟು ಸಿಗುತ್ತದೆ?

ಕೇಂದ್ರದ ಬೆಂಬಲ ಬೆಲೆ ಆ ವರ್ಷ ಸಾಮಾನ್ಯ ಭತ್ತಕ್ಕೆ ಕ್ವಿಂಟಾಲಿಗೆ 2,369 ರೂಪಾಯಿ. ಒಕಾಮಿಸಾನ್ ಕ್ಯಾಲ್ಕುಲೇಟರ್ ತಂದರು. 4,000 ಯೆನ್ ಮೇಲೆ ಸ್ವಲ್ಪ. ತೈಶೊ ತಲೆಯಾಡಿಸಿದರು. "ಹಾಗಾದರೆ ಇಲ್ಲಿನಷ್ಟೇ ಆಯಿತಲ್ಲ. 5 ಕಿಲೋಗೆ 4,000."

"5 ಅಲ್ಲ. 100 ಕಿಲೋಗೆ."

ಅವರಿಗೆ ನಮ್ಮ ಜಪಾನಿ ತಪ್ಪಾಗಿದೆ ಅನ್ನಿಸಿತು. ಚೀಟಿಯಲ್ಲಿ ಬರೆದು ತೋರಿಸಿದೆವು. ಒಂದರ ಮುಂದೆ ಎರಡು ಸೊನ್ನೆ. ಭತ್ತಕ್ಕೂ ಅಕ್ಕಿಗೂ ಲೆಕ್ಕ ಬೇರೆ, ಮಿಲ್ಲಿಗೆ ಹಾಕಿದರೆ 65 ಕಿಲೋ ಅಕ್ಕಿ ಸಿಕ್ಕೀತು ಅಂತಲೂ ಹೇಳಿದೆವು. ಅಪ್ಪ ಖರೀದಿ ಕೇಂದ್ರಕ್ಕೆ ಕಾಯದೆ ಕಣದಲ್ಲೇ ಅದಕ್ಕೂ ಕಡಿಮೆಗೆ ಕೊಟ್ಟಿದ್ದನ್ನು ಹೇಳಲಿಲ್ಲ. ತೈಶೊ ಚೀಟಿಯನ್ನು ಬಹಳ ಹೊತ್ತು ನೋಡಿದರು. "ನಿಮ್ಮ ತಂದೆಗೆ ವಯಸ್ಸೆಷ್ಟು?" ಅಂದರು. 68 ಅಂದೆವು. "ಅವರ ನಂತರ ಯಾರು ಮಾಡುತ್ತಾರೆ?"

ನಾವಿಬ್ಬರೂ ತಟ್ಟೆ ನೋಡಿಕೊಂಡು ಕೂತೆವು. ಅವರೂ ಮತ್ತೆ ಕೇಳಲಿಲ್ಲ. ಅವರ ಮಗ ಒಸಾಕಾದಲ್ಲಿ ಕಂಪನಿ ಕೆಲಸದಲ್ಲಿದ್ದಾನೆ, ಮಗಳು ಮದುವೆಯಾಗಿ ದೂರದಲ್ಲಿದ್ದಾಳೆ. ಈ ಬಡಾವಣೆಯಲ್ಲಿ ಹಿಂದೆ ಇಂಥ ನಾಲ್ಕು ಅಂಗಡಿ ಇದ್ದವಂತೆ, ಈಗ ಉಳಿದಿರುವುದು ಇದೊಂದು. ಅದನ್ನು ಒಕಾಮಿಸಾನ್ ಎಂದೋ ಹೇಳಿದ್ದರು.

ಅವತ್ತು ರಾತ್ರಿ ಅಪ್ಪನಿಗೆ ಫೋನ್ ಮಾಡಿ ಚೀಟಿಯ ಕಥೆ ಹೇಳಿದೆವು. 5 ಕಿಲೋ ಅಕ್ಕಿ ಎರಡೂವರೆ ಸಾವಿರ ರೂಪಾಯಿ ಅಂದಾಗ, "ಥೂ, ಸುಮ್ನಿರ್ರಪ್ಪಾ, ತಮಾಸೆ ಮಾಡ್ಬ್ಯಾಡಿ" ಅಂದರು. ಆಮೇಲೆ ಕೇಳಿದರು:

"ಆ ಯಜಮಾನ್ರಿಗೆ ಮಕ್ಳಿಲ್ವಾ?"

"ಅವ್ರೆ. ಮಗ ಬ್ಯಾರೆ ಊರಲ್ಲಿ ಕಂಪ್ನಿ ಕೆಲ್ಸ."

"ಹೂಂ."

ಫೋನಿನಲ್ಲಿ ನಾಯಿ ಬೊಗಳುವುದು ಕೇಳಿಸುತ್ತಿತ್ತು.

"ಬ್ಯಾಸ್ಗೆ ಬೆಳೆಗೆ ನಾಲೇಲಿ ನೀರು ಬುಡ್ತಾರೋ ಇಲ್ವೋ ಇನ್ನೂ ಏಳಿಲ್ಲ" ಅಂದರು ಅಪ್ಪ. "ಬುಟ್ರೆ ಒಟ್ಲು ಆಕ್ಬೇಕು. ಆಳು ಒಂದೂ ಸಿಗಾಕಿಲ್ಲ. ನೋಡಾನ."